ಘಟ್ಟದ ದಾರಿಯ ಬೈಕಿಗೆ ಬಿಡಿಭಾಗ ಕೊಳ್ಳುವಾಗ

ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟ ಇಳಿಯುವವರಿಗೆ ಬ್ರೇಕ್ ಶೂ ಎಷ್ಟು ಮುಖ್ಯವೆಂದು ಹೇಳಬೇಕಾಗಿಲ್ಲ. ಮೊದಲು ಎರಡು ಮಳೆಗಾಲ ಬಾಳುತ್ತಿದ್ದ ಶೂ ಈಗ ನನ್ನ ಬೈಕಿನಲ್ಲಿ ಒಂದನ್ನೂ ಪೂರೈಸುತ್ತಿಲ್ಲ. ಕಳೆದ ಬಾರಿ ತಂದ ಜೋಡಿಯಲ್ಲಂತೂ ಲೈನಿಂಗ್ (ಶೂವಿನ ಮೇಲೆ ಅಂಟಿಸಿರುವ, ಉಜ್ಜುವ ಪದರ) ಲೋಹದಿಂದಲೇ ಬಿಟ್ಟುಕೊಂಡಿತ್ತು.

ಇಂತಹ ಕಳಪೆ ಅಥವಾ ನಕಲಿ ಭಾಗ ಕೈಸೇರದಂತೆ ಬೈಕಿನ ಮಾದರಿ ಮತ್ತು ವರ್ಷವನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯ ಭಾಗವನ್ನೇ ಜೊತೆಗೊಯ್ದು, ಅಂಗಡಿಯಲ್ಲಿಯೇ ಹೋಲಿಸಿ ನೋಡಿರಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಭಾಗದ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆ ಸ್ಪಷ್ಟವಾಗಿರಬೇಕು. ಮುದ್ರಣ ಮಸುಕಾಗಿದ್ದರೆ ಅಥವಾ ಕಾಗುಣಿತ ತಪ್ಪಿದ್ದರೆ ಕೊಳ್ಳಬೇಡಿ. ಲೈನಿಂಗಿನ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿದ್ದರೂ ಆ ಶೂ ಬೇಡ.

ಹಿಂಬದಿಯ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರದ) ಹಿಂತುದಿಯಲ್ಲಿ ಚೈನನ್ನು ಎಳೆದಾಗ ಹಲ್ಲಿನ ಅರ್ಧದಷ್ಟು ಕಂಡರೆ ಚೈನ್-ಸ್ಪ್ರಾಕೆಟ್ ಸೆಟ್ ಸವೆದಿದೆಯೆಂದು ತಿಳಿಯಿರಿ. ಸವೆದ ಸ್ಪ್ರಾಕೆಟ್ಟು ಹೊಸ ಚೈನನ್ನೂ ಬೇಗ ಹಾಳುಮಾಡುವುದರಿಂದ ಚೈನ್ ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸುವುದೇ ಸರಿ.

ಹೆಲ್ಮೆಟ್ಟಿಗೆ 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಸ್ಟಿಕ್ಕರನ್ನಷ್ಟೇ ನಂಬದೆ, ಹೆಲ್ಮೆಟ್ಟಿನ ಮಾನಕ ಸಂಖ್ಯೆಯಾದ ಐಎಸ್ 4151 ಎಂಬುದರೊಂದಿಗೆ ಇರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿರಿ. ತಲೆಯ ವಿಷಯದಲ್ಲಿ ಉಳಿತಾಯ ಬೇಡವೆಂಬುದು ನನ್ನ ಕಳಕಳಿಯ ವಿನಂತಿ.

ಮೆಕ್ಯಾನಿಕ್ಕರ ಮೂಲಕ ತರಿಸಿದರೂ ರಸೀದಿ ಪಡೆಯಿರಿ. ಹೊಸ ಶೂ ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ ಹೊಂದಿಕೊಳ್ಳಲು ಸಮಯ ಬೇಕಾದ್ದರಿಂದ, ಕೆಲವು ದಿನ ಕಡೂರು ಕಡೆಯ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಆಮೇಲೆ ಮುಳ್ಳಯ್ಯನಗಿರಿ ಹತ್ತಿರಿ.