ಕನ್ನಡದ ಹೆಸರಿಗೆ ಲೋಗೋ: ಒತ್ತಕ್ಷರದಿಂದ ಶುರು ಮಾಡಿ

ಹುಬ್ಬಳ್ಳಿಯಲ್ಲಿ ಬ್ರ್ಯಾಂಡಿಂಗ್ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾರುವವರು. ಅವರ ಗಿರಾಕಿಗಳು ಹೆಸರು ಓದುವುದೂ ಕೇಳುವುದೂ ಕನ್ನಡದಲ್ಲೇ. ಆದರೆ ಲೋಗೋ ಮಾತ್ರ ಇಂಗ್ಲಿಷಿನಲ್ಲಿ ತಯಾರಾಗಿ, ಕಡೆಗೆ ಸಿಕ್ಕ ಫಾಂಟಿನಲ್ಲಿ ಕನ್ನಡ ಅದರಡಿಗೆ ಬಂದು ಕೂರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ನನ್ನ ಮಾತು ಇಷ್ಟೇ: ಕನ್ನಡ ಮೊದಲು ಬರೆಯಿರಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ.

ಪೆನ್ಸಿಲ್ ಹಿಡಿಯುವ ಮುನ್ನ ಹೆಸರು ಪರೀಕ್ಷಿಸಿ. ಬರೀ 'ಜೋಳದ ರೊಟ್ಟಿ' ಎಂದು ಸರಕನ್ನೇ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ರೊಟ್ಟಿ 30ನೇ ವರ್ಗ, ಉಪ್ಪಿನಕಾಯಿ 29. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಎರಡೂ ಮಾರುವವರಿಗೆ 9,000 ಆಗುತ್ತದೆ ಎಂದು ಮೊದಲೇ ತಿಳಿಸಿ.

ಆಮೇಲೆ ಸರಕು ಮಾರಾಟವಾಗುವ ಅಂಗಡಿಗೆ ಹೋಗಿ ನಿಲ್ಲಿ. ಖಡಕ್ ರೊಟ್ಟಿಯ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಎಲ್ಲಕ್ಕಿಂತ ಮೇಲಿನ ಕಟ್ಟು ಬಿಟ್ಟು ಉಳಿದವುಗಳ ಅಂಚು ಮಾತ್ರ ಕಾಣುತ್ತದೆ. ಹಾಗಾಗಿ ಚಂದದ ದುಂಡು ಲೋಗೋ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಚಿನ ಉದ್ದನೆಯ ಸಣ್ಣ ಪಟ್ಟಿಯಲ್ಲಿ ಹೆಸರು ಓದಿಸಿಕೊಳ್ಳಬೇಕು. ಇದು ಕಂಪ್ಯೂಟರ್ ಮುಂದೆ ಕೂತರೆ ಹೊಳೆಯುವ ಸಂಗತಿಯಲ್ಲ.

ಆ ಪಟ್ಟಿಯಲ್ಲಿ 'ರೊಟ್ಟಿ' ಬರೆದು ನೋಡಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಮುಗಿಯುತ್ತವೆ. ಕನ್ನಡದಲ್ಲಿ 'ಟಿ'ಯ ಗುಡಿಸು ಮೇಲೆ, ಒತ್ತು ಕೆಳಗೆ. ಪಟ್ಟಿಯೊಳಗೆ ಹಿಡಿಸಬೇಕೆಂದು ಇಡೀ ಪದವನ್ನು ಕುಗ್ಗಿಸಿದರೆ ಅಕ್ಷರದ ಒಡಲು ಸಣ್ಣದಾಗಿ ಕನ್ನಡ ಬಡವಾಗುತ್ತದೆ. ಒತ್ತನ್ನಷ್ಟೇ ಕುಗ್ಗಿಸಿದರೆ ಅಚ್ಚಿನಲ್ಲಿ ಅದು ಮಸಿಯ ಚುಕ್ಕೆಯಾಗುತ್ತದೆ. ನಾನು ಮಾಡುವುದು ಹೀಗೆ: ಒಡಲಿನ ಎತ್ತರ ಮೊದಲು ಗಟ್ಟಿ ಮಾಡಿಕೊಂಡು, ಒತ್ತನ್ನು ಧಾರಾಳವಾಗಿ ಕೆಳಗಿಳಿಸುತ್ತೇನೆ. ಅದು ಇಳಿಯುವುದು ಬಲಗಡೆಗೆ. ಆಗ ಎಡಕ್ಕೆ, 'ರೊ' ಕೆಳಗೆ ಜಾಗ ಉಳಿಯುತ್ತದೆ. ಇಂಗ್ಲಿಷ್ ಹೆಸರು ಅಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಎರಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟು ಸಮವಾಯಿತು ಅಂದುಕೊಳ್ಳಬೇಡಿ. ಗೆರೆಯ ದಪ್ಪವನ್ನು ಕಣ್ಣಳತೆಯಲ್ಲೇ ಹೊಂದಿಸಬೇಕು.

ಕೈಬರಹ ಸಾಧ್ಯವಿಲ್ಲದಿದ್ದರೆ ಅನೇಕ್ ಕನ್ನಡ, ಬಾಲೂ ತಮ್ಮ ಎಂಬ ಫಾಂಟುಗಳಿವೆ. ಎರಡೂ ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ವಿನ್ಯಾಸದ ತಂತ್ರಾಂಶ ಇಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಒಡೆದು 'ಟ್‌ಟಿ' ಎಂದು ಬಂದರೆ ಟೈಪ್ ಪ್ರಿಫರೆನ್ಸ್‌ನಲ್ಲಿ ಇಂಡಿಕ್ ಆಯ್ಕೆ ತೆರೆದು, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಹಾಕಿ. ಫ್ಲೆಕ್ಸ್ ಅಂಗಡಿಗೆ ಕಳಿಸುವ ಫೈಲನ್ನು ಕರ್ವ್ ಮಾಡಿ, ಅಂದರೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿಯೇ ಕೊಡಿ. ಅಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಅವರು ಹಳೇ ನುಡಿ ತಂತ್ರಾಂಶದ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿದರೆ ನಿಮ್ಮ ಲೋಗೋ ಅಲ್ಲಿಗೆ ಮುಗಿಯಿತು.

"ತಮ್ಮಾ, ಇಂಗ್ಲಿಷ್ ದೊಡ್ಡದು ಮಾಡ್ರಿ, ಪುಣೆಕ್ಕೂ ಕಳಸ್ತೀವಿ" ಅನ್ನುವವರು ಇದ್ದೇ ಇರುತ್ತಾರೆ. ವಾದ ಬೇಡ. "ಅಕ್ಕಾರ, ಎರಡೂ ಹಚ್ಚಿ ನೋಡೂಣ್ರಿ" ಎಂದು ಎರಡು ಮಾದರಿ ಪ್ರಿಂಟ್ ತೆಗೆದು ಅವರದೇ ಕಟ್ಟುಗಳಿಗೆ ಅಂಟಿಸಿ, ರಸ್ತೆಯಾಚೆಯಿಂದ ಅವರಿಂದಲೇ ಓದಿಸಿ. ಅಂಗಡಿಯ ಬೋರ್ಡಿಗಂತೂ ಕಾನೂನೇ ಇದೆ: ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕನ್ನಡವನ್ನೇ ಮೊದಲು ರೂಪಿಸಿದವರಿಗೆ ಇದು ಹೊರೆಯೇ ಅಲ್ಲ.

ಒಪ್ಪಿಗೆಗೆ ಕಳಿಸುವ ಮುಂಚೆ ಒಂದೇ ಬಣ್ಣದಲ್ಲಿ, ರಬ್ಬರ್ ಸ್ಟ್ಯಾಂಪಿನ ಅಳತೆಗೆ ಇಳಿಸಿ ಪ್ರಿಂಟ್ ತೆಗೆಯಿರಿ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. 'ಪ', 'ಷ' ಬೇರೆಯಾಗುವುದು ಒಳಗಿನ ಗೆರೆಯಿಂದ. ಅವು ಮುಚ್ಚಿಹೋದರೆ ಹೆಸರೇ ಬದಲಾಗುತ್ತದೆ, ಅಂಥಲ್ಲಿ ಸಣ್ಣ ಅಳತೆಗೆಂದೇ ಸೀಳನ್ನು ಅಗಲಿಸಿ ಇನ್ನೊಂದು ಲೋಗೋ ಮಾಡಿ. ಲೇಬಲ್ಲಿನಲ್ಲಿ ಸಸ್ಯಾಹಾರದ ಹಸಿರು ಗುರುತಿಗೆ, ಎಫ್‌ಎಸ್‌ಎಸ್‌ಎಐನ ಆಹಾರ ಪರವಾನಗಿ ಸಂಖ್ಯೆಯ 14 ಅಂಕಿಗಳಿಗೆ, ತೂಕ, ಬೆಲೆಗೆ ಜಾಗವನ್ನು ಆರಂಭದಲ್ಲೇ ಕಾದಿರಿಸಿ.

ದುಡ್ಡಿನ ವಿಷಯ. ಅರ್ಧ ಮುಂಗಡ ಬಂದ ಮೇಲೆಯೇ ಕೆಲಸ ಶುರು. ಲೋಗೋದ ಹಕ್ಕುಸ್ವಾಮ್ಯ ಗಿರಾಕಿಗೆ ದಾಟಬೇಕಾದರೆ ನಿಮ್ಮ ಸಹಿಯಿರುವ ಬರಹ ಬೇಕು, ಬಾಯಿಮಾತು ನಡೆಯದು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆ ಎಣಿಸುತ್ತದೆ. ಅವರು ಜೀವಮಾನವೆಲ್ಲ ಬಳಸುವ ಗುರುತು ಅದು. ಎರಡನ್ನೂ ಸ್ಪಷ್ಟವಾಗಿ ಬರೆದು, ಬಾಕಿ ಹಣ ಕೈಸೇರಿದ ದಿನವೇ ಸಹಿ ಹಾಕಿ ಫೈಲುಗಳ ಜೊತೆ ಒಪ್ಪಿಸಿ.