ಆರ್ಕ್ಟಿಕ್ ಬಗ್ಗೆ ನಾನು ಓದುವ ರೀತಿ

ನಾನು ಮಕ್ಕಳಿಗೆ ವಿಜ್ಞಾನ ಬರೆಯುವವಳು. ಹಿಮಕರಡಿ ಬಗ್ಗೆ ಒಂದು ಪುಟ್ಟ ಲೇಖನ ಬೇಕು ಅಂತ ಯಾರೋ ಕೇಳಿದರು. ಆಗ ಹಿಡಿದ ಓದು ಇನ್ನೂ ಬಿಟ್ಟಿಲ್ಲ. ಪ್ರಾಣಿಗಳಿಗೆ ಒಂದು ಪುಸ್ತಕ, ಇತಿಹಾಸಕ್ಕೆ ಒಂದು, ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಜನರ ಬದುಕಿಗೆ ಮತ್ತೊಂದು ಅಂತ ಬೇರೆ ಬೇರೆ ಓದಬಹುದು. ನಾನು ಹಾಗೆ ಮಾಡುವುದಿಲ್ಲ, ಮೂರನ್ನೂ ಒಟ್ಟಿಗೇ ತೆರೆದಿಟ್ಟುಕೊಳ್ಳುತ್ತೇನೆ. ಯಾಕೆ ಅನ್ನುವುದು ತಿಮಿಂಗಿಲದ ಕತೆ ಓದಿದರೆ ಗೊತ್ತಾಗುತ್ತದೆ.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದ ಮೂಲನಿವಾಸಿಗಳು ಮಾಡುತ್ತಿದ್ದ ಬೋಹೆಡ್ ಎಂಬ ತಿಮಿಂಗಿಲದ ಬೇಟೆಯನ್ನು ನಿಷೇಧಿಸಿತು. ಉಳಿದಿರುವುದು ಕೆಲವೇ ನೂರರಿಂದ ಎರಡು ಸಾವಿರದಷ್ಟು ಅನ್ನುವುದು ವಿಜ್ಞಾನಿಗಳ ಅಂದಾಜಾಗಿತ್ತು. ಮಂಜುಗಡ್ಡೆಯ ಅಂಚಿನಲ್ಲಿ ನಿಂತು, ಕಣ್ಣಿಗೆ ಕಂಡಷ್ಟನ್ನು ಎಣಿಸುತ್ತಿದ್ದರು. ಅಲ್ಲಿನ ಬೇಟೆಗಾರರು ಒಪ್ಪಲಿಲ್ಲ. ತಿಮಿಂಗಿಲಗಳು ಮಂಜುಗಡ್ಡೆಯ ಅಡಿಯಲ್ಲೂ ಹೋಗುತ್ತವೆ, ತಲೆಯಿಂದ ಅದನ್ನು ಒಡೆದು ಉಸಿರಾಡುತ್ತವೆ, ನಿಮಗೆ ಕಾಣುವುದಿಲ್ಲ ಅಷ್ಟೇ ಅಂದರು. ಆಮೇಲೆ ನೀರೊಳಗೆ ಮೈಕ್ ಇಳಿಸಿ ಸದ್ದು ಕೇಳಿಸಿಕೊಂಡಾಗ ಅವರು ಹೇಳಿದ್ದೇ ನಿಜವಾಯಿತು. 2011ರ ಎಣಿಕೆಯಲ್ಲಿ 16 ಸಾವಿರಕ್ಕೂ ಜಾಸ್ತಿ ಬಂತು. ಬರೀ ಜೀವಶಾಸ್ತ್ರದ ಪುಸ್ತಕ ಹಿಡಿದು ಕೂತಿದ್ದರೆ ನನಗೆ ಅಂಕಿ ಮಾತ್ರ ಸಿಗುತ್ತಿತ್ತು. ಅದು ಯಾಕೆ ಬದಲಾಯಿತು ಅನ್ನುವುದು ಸಿಗುತ್ತಿರಲಿಲ್ಲ.

ಹಾಗಾಗಿ ನೋಟ್‌ಬುಕ್‌ನಲ್ಲಿ ಏನೇ ಬರೆದುಕೊಂಡರೂ ಪಕ್ಕದಲ್ಲಿ ಇದನ್ನು ಯಾರು ಹೇಳಿದ್ದು, ಎಲ್ಲಿ, ಯಾವ ವರ್ಷ ಅಂತ ಸೇರಿಸುತ್ತೇನೆ.

ಹಳೆಯ ವರದಿಗಳಲ್ಲಿ ನನಗೆ ತುಂಬಾ ಇಷ್ಟವಾದವು ಎರಡು. ಒಂದು, ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1883–84ರಲ್ಲಿ ಕೆನಡಾದ ಬಾಫಿನ್ ದ್ವೀಪದಲ್ಲಿದ್ದು ಬಂದು ಬರೆದದ್ದು. 1888ರಲ್ಲಿ ಅಚ್ಚಾಯಿತು. ಇನುಯಿಟ್ ಜನರೇ ಬಿಡಿಸಿಕೊಟ್ಟ ನಕ್ಷೆಗಳು ಅದರಲ್ಲಿವೆ. ಪಠ್ಯಕ್ಕಿಂತ ಮೊದಲು ನಾನು ಅವನ್ನೇ ನೋಡುತ್ತೇನೆ. ಇನ್ನೊಂದು, 1921–24ರ ಐದನೇ ಥೂಲೆ ಯಾತ್ರೆ ಎಂಬ ಡೆನ್ಮಾರ್ಕಿನ ಆರ್ಕ್ಟಿಕ್ ಸಂಶೋಧನಾ ಪ್ರವಾಸದ ವರದಿಗಳು. ಅದರ ನಾಯಕ ಕ್ನೂಡ್ ರಾಸ್ಮುಸೆನ್ ಹುಟ್ಟಿದ್ದು ಗ್ರೀನ್‌ಲ್ಯಾಂಡಿನಲ್ಲಿ. ಅಲ್ಲಿನ ಭಾಷೆ ಚಿಕ್ಕಂದಿನಿಂದಲೇ ಬರುತ್ತಿತ್ತು, ಆದ್ದರಿಂದ ಜನ ಅವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದರು. ಇಗ್ಲುಲಿಕ್ ಕಡೆಯ ಇನುಯಿಟ್ ಜನರಲ್ಲಿ ಆವಾ ಎಂಬ ಶಾಮನ್, ಅಂದರೆ ಆತ್ಮಗಳ ಜೊತೆ ಮಾತಾಡುವ ಮಂತ್ರವಾದಿ, ಹೇಳಿದ್ದನ್ನು ಓದಿ ನೋಡಿ, ಎದುರಿಗೆ ಕೂತು ಕೇಳಿದ ಹಾಗಿದೆ. ಅದೇ ವರದಿಗಳಲ್ಲಿ ಪೀಟರ್ ಫ್ರಾಯ್ಕೆನ್ ಪ್ರಾಣಿಗಳ ಬಗ್ಗೆ ಬರೆದಿದ್ದಾನೆ. ಥೆರ್ಕೆಲ್ ಮಥಿಯಾಸೆನ್ ಉತ್ಖನನದ ಬಗ್ಗೆ ಬರೆದಿದ್ದಾನೆ. ತಿಮಿಂಗಿಲದ ಮೂಳೆ ಸೇರಿಸಿ ಕಟ್ಟಿದ ಹಳೆಯ ಮನೆಗಳನ್ನು ಅವನು ಅಗೆದು ತೆಗೆದ. ಅಲ್ಲಿ ಬದುಕಿದ್ದವರು ಇಂದಿನ ಇನುಯಿಟ್ ಜನರ ಪೂರ್ವಿಕರು.

ಸ್ಮಿತ್ಸೋನಿಯನ್ ಸಂಸ್ಥೆಯ 1984ರ ದಪ್ಪ ಆರ್ಕ್ಟಿಕ್ ಸಂಪುಟವನ್ನು ಒಟ್ಟು ಚೌಕಟ್ಟು ತಿಳಿಯಲು ಬಳಸುತ್ತೇನೆ. ಆದರೆ ಇನುಯಿಟ್ ಜನರೇ ಹೆಚ್ಚಾಗಿರುವ ಕೆನಡಾದ ನುನಾವುಟ್ ಪ್ರಾಂತ್ಯ ಹುಟ್ಟಿದ್ದು 1999ರಲ್ಲಿ, ಹಾಗಾಗಿ ರಾಜಕೀಯಕ್ಕೆ ಅದು ಸಾಲದು. 1948ರಿಂದ ಬರುತ್ತಿರುವ ‘ಆರ್ಕ್ಟಿಕ್’ ಪತ್ರಿಕೆಯ ಹಳೆಯ ಸಂಚಿಕೆಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಖರ್ಚು ಮಾಡುವ ಮೊದಲು ಅಲ್ಲಿ ನೋಡಿ.

ಹುಡುಕುವಾಗ ಊರಿನ ಹಳೆಯ ಹೆಸರನ್ನೂ ಹಾಕಬೇಕು. ನುನಾವುಟ್‌ನ ರಾಜಧಾನಿ ಇಕಾಲುಯಿಟ್ 1987ರವರೆಗೆ ಫ್ರೋಬಿಷರ್ ಬೇ ಆಗಿತ್ತು. ಅಲಾಸ್ಕಾದ ಉತ್ಕಿಯಾಗ್ವಿಕ್ 2016ರವರೆಗೆ ಬ್ಯಾರೋ. ಹೊಸ ಹೆಸರು ಮಾತ್ರ ಹಾಕಿದರೆ ಹಳೆಯ ಬರಹಗಳು ಸಿಗುವುದೇ ಇಲ್ಲ.

ಅನ್ವೇಷಕರ ಕತೆಗಳನ್ನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಬ್ರಿಟಿಷ್ ಅನ್ವೇಷಕ ಜಾನ್ ಫ್ರಾಂಕ್ಲಿನ್ 1845ರಲ್ಲಿ ಎರಡು ಹಡಗು ತೆಗೆದುಕೊಂಡು ಹೋಗಿ ಕಾಣೆಯಾದ. ಹಸಿದ ನಾವಿಕರು ಸತ್ತವರನ್ನೇ ತಿಂದರು ಅಂತ ಇನುಯಿಟ್ ಜನರಿಂದ ಕೇಳಿದ್ದನ್ನು ಜಾನ್ ರೇ ಎಂಬ ಇನ್ನೊಬ್ಬ ಅನ್ವೇಷಕ 1854ರಲ್ಲಿ ಲಂಡನ್ನಿಗೆ ತಿಳಿಸಿದ. ಚಾರ್ಲ್ಸ್ ಡಿಕನ್ಸ್ ಅಂಥವರೇ ಅದನ್ನು ತಳ್ಳಿಹಾಕಿ ಬರೆದರು. ಮೂಳೆಗಳ ಮೇಲಿನ ಚಾಕುವಿನ ಗುರುತುಗಳು ಆಮೇಲೆ ಆ ಮಾತನ್ನು ನಿಜ ಮಾಡಿದವು. 2014ರಲ್ಲಿ ಫ್ರಾಂಕ್ಲಿನ್‌ನ ಎರೆಬಸ್ ಹಡಗು ಸಿಕ್ಕಿದ್ದೂ ಇನುಯಿಟ್ ಜನ ತಲೆಮಾರುಗಳಿಂದ ಹೇಳುತ್ತಿದ್ದ ಕಡೆಯಲ್ಲೇ. ಒಂದೂವರೆ ಶತಮಾನ ಸುಮ್ನೆ ಹೋಯಿತು, ಅಲ್ವಾ?

ಈಗ ನಾರ್ವಾಲ್ ಎಂಬ ಆರ್ಕ್ಟಿಕ್ ತಿಮಿಂಗಿಲದ ಬಗ್ಗೆ ಬರೆಯುತ್ತಿದ್ದೇನೆ. ಅದರ ಉದ್ದನೆಯ ‘ಕೊಂಬು’ ನಿಜವಾಗಿ ಒಂದು ಹಲ್ಲು. ಒಂದು ಕಾಲದ ಯುರೋಪಿನಲ್ಲಿ ಅದನ್ನೇ ಯುನಿಕಾರ್ನ್ ಕೊಂಬು ಅಂತ ಮಾರುತ್ತಿದ್ದರು. ಜೀವಶಾಸ್ತ್ರದ ಪ್ರಬಂಧಗಳು ಸಿಕ್ಕಿವೆ, ಇತಿಹಾಸವೂ ಸಿಕ್ಕಿದೆ. ಬಾಫಿನ್ ದ್ವೀಪದ ಪಾಂಡ್ ಇನ್ಲೆಟ್ ಎಂಬ ಊರಿನ ಕಡೆಯ ಇನುಯಿಟ್ ಬೇಟೆಗಾರರು ಏನು ಹೇಳುತ್ತಾರೆ ಅನ್ನುವುದನ್ನು ಇನ್ನೂ ಹುಡುಕುತ್ತಿದ್ದೇನೆ. ಅದು ಸಿಗುವ ತನಕ ಲೇಖನ ಕಳಿಸುವುದಿಲ್ಲ.