ಟೆಸ್ಟ್‌ಗೆ ಮೊದಲು ಪದಪಟ್ಟಿ: ಸ್ವಯಂಚಾಲಿತ ವಾಹನದ ತಂಡಗಳಿಗೆ

ಸ್ವಯಂಚಾಲಿತ ವಾಹನಗಳ ಟೆಸ್ಟ್ ಲಾಗ್, ಅಂದರೆ ಟೆಸ್ಟ್ ಓಟದ ದಾಖಲೆ, ಓದುವುದು ನನ್ನ ಕೆಲಸ. ಒಂದೇ ಲಾಗ್ ನೋಡಿ ಒಬ್ಬರು ಪಾಸ್, ಇನ್ನೊಬ್ಬರು ಫೇಲ್ ಅಂದರೆ, ಬಹಳಷ್ಟು ಸಲ ಇಬ್ಬರೂ ಪದಕ್ಕೆ ಬೇರೆ ಅರ್ಥ ಹಿಡಿದಿರುತ್ತಾರೆ. ಪದಪಟ್ಟಿ ಮೊದಲೇ ಮಾಡಿಕೊಳ್ಳಿ.

ಸೊನ್ನೆಯಿಂದ ಶುರು ಮಾಡಬೇಡಿ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಸ್ವಯಂಚಾಲನೆಯ ಪದಗಳಿಗೆ ಕೊಟ್ಟ ದಾಖಲೆ ಜೆ3016 ಎದುರಿಗಿಟ್ಟುಕೊಳ್ಳಿ. 2014ರಲ್ಲಿ ಬಂದದ್ದು, 2021ರ ಪರಿಷ್ಕರಣೆ ನೋಡಿ. ಸ್ವಯಂಚಾಲನೆಯ 0ಯಿಂದ 5ರವರೆಗಿನ ಹಂತಗಳು ಅಲ್ಲಿಯವೇ. ಹಂತ ಹೇಳಬೇಕಾದದ್ದು ಆ ಹೊತ್ತಿಗೆ ಚಾಲೂ ಇರುವ ಫೀಚರ್‌ಗೆ, ಇಡೀ ಕಾರಿಗಲ್ಲ. ಹಂತ 3ರಲ್ಲಿ ವ್ಯವಸ್ಥೆ ಕೇಳಿದಾಗ ಮನುಷ್ಯ ಚಾಲನೆ ವಹಿಸಿಕೊಳ್ಳಬೇಕು. 4ರಲ್ಲಿ ಯಾರೂ ಕೈ ಹಾಕದಿದ್ದರೂ ವ್ಯವಸ್ಥೆಯೇ ವಾಹನವನ್ನು ಅಪಾಯ ಕಡಿಮೆ ಇರುವ ಸ್ಥಿತಿಗೆ ತರಬೇಕು. ‘ಸೆಲ್ಫ್ ಡ್ರೈವಿಂಗ್’, ‘ಡ್ರೈವರ್‌ಲೆಸ್’ ಬೇಡ ಅನ್ನುತ್ತದೆ ಜೆ3016. ನಾನೂ ವರದಿಯಲ್ಲಿ ಕಂಡರೆ ಹೊಡೆದು ಹಾಕುತ್ತೇನೆ. ಜಾಹೀರಾತಿನವರು ಬೇಕಾದರೆ ಇಟ್ಟುಕೊಳ್ಳಲಿ.

ಮುಂದೆ ಒಡಿಡಿ (ಆಪರೇಷನಲ್ ಡಿಸೈನ್ ಡೊಮೇನ್). ವ್ಯವಸ್ಥೆ ಯಾವ ರಸ್ತೆ, ಹವೆ, ವೇಗದಲ್ಲಿ ಓಡಲೆಂದು ಮಾಡಿದ್ದೋ ಆ ಗಡಿ. ‘ಸಣ್ಣ ಮಳೆ’ ಅಂತ ಸುಮ್ನೆ ಬರೆದರೆ ಸಾಲದು, ಗಂಟೆಗೆ ಎಷ್ಟು ಮಿಲಿಮೀಟರ್ ಅಂತ ಬರೆಯಿರಿ. ಇದಕ್ಕೆ ಐಎಸ್‌ಒ ಮಾನದಂಡ 34503 ಇದೆ, ಟೆಸ್ಟ್ ಸನ್ನಿವೇಶದ ಪದಗಳಿಗೆ 34501.

ಜಾಸ್ತಿ ಹೊತ್ತು ಬೇಡುವುದು ಘಟನೆಗಳ ಪದಗಳು. ‘ಕಟ್-ಇನ್’ ತೆಗೆದುಕೊಳ್ಳಿ. ಪಕ್ಕದ ಲೇನಿನ ಕಾರು ನಿಮ್ಮ ಮುಂದೆ ನುಗ್ಗುತ್ತದೆ, ಸರಿ. ಶುರುವಾಗುವುದು ಯಾವಾಗ? ಇಂಡಿಕೇಟರ್ ಹಾಕಿದಾಗಲಾ, ಚಕ್ರ ಗೆರೆ ಮುಟ್ಟಿದಾಗಲಾ, ಅರ್ಧ ಕಾರು ಒಳಗೆ ಬಂದಾಗಲಾ? 1.8 ಮೀಟರ್ ಅಗಲದ ಕಾರು ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಸರಿಯುತ್ತಿದೆ ಅಂದುಕೊಳ್ಳಿ. ಗೆರೆ ಮುಟ್ಟಿದ ಮೇಲೆ ಅರ್ಧ ಕಾರು ಒಳಗೆ ಬರಲು 1.8 ಸೆಕೆಂಡ್ ಬೇಕು. ಗಂಟೆಗೆ 72 ಕಿ.ಮೀ. ವೇಗದಲ್ಲಿರುವ ನಿಮ್ಮ ವಾಹನ ಅಷ್ಟರಲ್ಲಿ 36 ಮೀಟರ್ ಹೋಗಿರುತ್ತದೆ. ಬ್ರೇಕ್ ಹಾಕಿದ್ದು ತಡವಾಯಿತೋ ಇಲ್ಲವೋ ಅನ್ನುವುದೇ ಇಲ್ಲಿ ತಲೆಕೆಳಗಾಗುತ್ತದೆ, ಅಲ್ವಾ?

ಕಾರನ್ನು ತಾನೇ ಲೇನಿನಲ್ಲಿ ಓಡಿಸುವ ವ್ಯವಸ್ಥೆಗಳಿಗಿರುವ ವಿಶ್ವಸಂಸ್ಥೆಯ ನಿಯಮ 157 ಈ ಗೊಂದಲ ಉಳಿಸಿಲ್ಲ. ನುಗ್ಗುವ ಕಾರಿನ ಗೆರೆ ಕಡೆಯ ಮುಂದಿನ ಟೈರಿನ ಹೊರಬದಿ, ಲೇನ್ ಗೆರೆಯಿಂದ 0.3 ಮೀಟರ್ ಆಚೆ ದಾಟಿದ ಕ್ಷಣವನ್ನು ಅದು ಹಿಡಿಯುತ್ತದೆ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಹೀಗೆ ಅಳೆಯಲು ಬರುವಂತಿರಲಿ. ‘ಡಿಸ್‌ಎಂಗೇಜ್‌ಮೆಂಟ್’, ಅಂದರೆ ಸ್ವಯಂಚಾಲನೆ ಕಳಚಿಕೊಳ್ಳುವುದು, ಕೂಡ ಹಾಗೇ. ಟೆಸ್ಟ್ ವಾಹನದ ಮೇಲೆ ಕಣ್ಣಿಡುವ ಸುರಕ್ಷಾ ಚಾಲಕ ಹೆದರಿ ಬ್ರೇಕ್ ಒತ್ತಿದ್ದೂ, ಪಾಳಿ ಮುಗಿಯಿತೆಂದು ಆಫ್ ಮಾಡಿದ್ದೂ ಒಂದೇ ಲೆಕ್ಕಕ್ಕೆ ಬೀಳಬಾರದು.

ಪಟ್ಟಿಯಾದ ಮೇಲೆ ಹಳೆಯ ಲಾಗ್ ಒಂದನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಇಬ್ಬರು ಗುರುತಿಸಿದ ಸಮಯ ತಾಳೆಯಾಗದಿದ್ದರೆ ಆ ಸಾಲು ಮತ್ತೆ ಬರೆಯಿರಿ. ಪಟ್ಟಿಗೊಂದು ಆವೃತ್ತಿ ಸಂಖ್ಯೆ ಇರಲಿ, ಪ್ರತಿ ವರದಿಯ ಮೊದಲ ಪುಟದಲ್ಲಿ ಅದು ಕಾಣಲಿ.